ಬೂರಿಲ್‌ನ ಜೂಲು

ಕುಂಚದ ತುದಿಗೆ ಏನೋ ಮೆತ್ತಗೆ ತಗುಲಿತು, ಮಣ್ಣಲ್ಲ, ಕೂದಲು, ಅಲ್ತಾಯ್‌ನ ಯಾವನೋ ಅಲೆಮಾರಿ ದೊರೆಯ ಗೋರಿದಿಬ್ಬದೊಳಗೆ, ಹೆಪ್ಪುಗಟ್ಟಿದ ನೆಲದಲ್ಲಿ, ಅವನ ಜೊತೆಗೆ ಹೂತ ಕುದುರೆಯ ಜೂಲು, ಎರಡು ಸಾವಿರ ವರ್ಷಕ್ಕೂ ಹಳೆಯದು, ಮೋಟಾಗಿ ಕತ್ತರಿಸಿದ್ದು, ಹಲ್ಲುಜ್ಜುವ ಬ್ರಷ್ಷಿನ ಹಾಗೆ ಸೆಟೆದು ನಿಂತಿದೆ — ಕುರಾಲಾಯ್ ಕುಂಚ ನಿಲ್ಲಿಸಿದಳು, ಹೀಗೇ, ಇದೇ ಅಳತೆಗೆ, ಮೊನ್ನೆ ಅವಳೇ ಕತ್ತರಿಸಿದ್ದಳು, ಮನೆಯ ಬೂರಿಲ್‌ನದು, ಅಪ್ಪನ ಕುದುರೆ. ಅಪ್ಪ ಸತ್ತಾಗ ಮೊದಲ ಸಲ ಕತ್ತರಿಸಿದ್ದನ್ನು ಎಲ್ಲರೂ ನೋಡಿದ್ದರು, ಕತ್ತರಿಸಬೇಕಾದದ್ದೇ, ಆಮೇಲೆ ಅದನ್ನು ಯಾರೂ ಹತ್ತಬಾರದು, ವರ್ಷ ತುಂಬಿ ಜೂಲು ಬೆಳೆದ ಮೇಲೆ ವರ್ಷದ ಊಟಕ್ಕೆ ಅದನ್ನೇ ಕಡಿದು, ಆ ಲೋಕದಲ್ಲಿ ಏರಿ ಓಡಾಡಲಿ ಅಂತ, ಅಪ್ಪನ ಹಿಂದೆ ಕಳಿಸಬೇಕು, ಮಂಡಿನೋವಿನ ಅಪ್ಪ, ಪಕ್ಕದ ಮನೆಯ ಚಹಾಕ್ಕೂ ಕುದುರೆ ಏರಿಯೇ ಹೋಗುತ್ತಿದ್ದ ಅಪ್ಪ — ಎರಡನೆಯ ಸಲ ಮಾತ್ರ ಯಾರೂ ನೋಡಲಿಲ್ಲ, ಜೂಲು ಮೋಟಾಗಿದ್ದರೆ ವರ್ಷ ತುಂಬಿಲ್ಲ ಅಂತಲ್ಲವೇ, ಎಂಥ ದಡ್ಡ ಲೆಕ್ಕ, ಆದರೂ ಕತ್ತರಿಸಿದಳು, ಬೂರಿಲ್ ಅವಳ ತೋಳು ಮೂಸುತ್ತ ಸಕ್ಕರೆ ಹುಡುಕುತ್ತಿತ್ತು. ಏನೇ, ಕೂತಲ್ಲೇ ನಿದ್ದೆ ಹೋದ್ಯಾ, ಅಗೆತದ ಮುಖ್ಯಸ್ಥೆ ರಾಯ್ಖಾನ್ ಮೇಡಂ ಭೂತಗನ್ನಡಿ ಹಿಡಿದು ಬಗ್ಗಿದರು, ಹಲ್ಲು ನೋಡು, ಮುದಿ ಕುದುರೆ, ಬೆನ್ನಿನ ಹುಣ್ಣು ವಾಸಿಯಾಗಿದೆ, ಯಾರೋ ಚೆನ್ನಾಗಿ ನೋಡ್ಕೊಂಡಿದಾರೆ, ಆಮೇಲೆ ಹಣೆಗೆ ಕೊಡಲಿ ಏಟು. ಕೂದಲ ತುದಿ ನೋಡು, ಕತ್ತರಿಸಿದ ಮೇಲೆ ಬೆಳೆದೇ ಇಲ್ಲ, ಅವತ್ತೇ ಕತ್ತರಿಸಿ ಅವತ್ತೇ ಕೊಂದಿದಾರೆ. ಅವತ್ತೇ. ಹಾಗಾದರೆ ನಮ್ಮವರ ಈ ಒಂದು ವರ್ಷ ಎಲ್ಲಿಂದ ಬಂತು, ನಡುವೆ ಯಾವತ್ತೋ ಯಾರೋ ಕೇಳಿರಬೇಕು, ಇವತ್ತು ಬೇಡ, ಸ್ವಲ್ಪ ತಡೀರಿ, ತನ್ನಂಥವಳೇ ಒಬ್ಬಳು ಹಠಮಾರಿ, ಆಮೇಲೆ ಅದೇ ಪದ್ಧತಿಯಾಗಿರಬೇಕು — ಜೇಬಲ್ಲಿ ಫೋನು ನಡುಗಿತು, ತೊಲೆಗೆನ್ ಚಿಕ್ಕಪ್ಪ. ಜೂಲಿಗೆ ಕತ್ತರಿ ಹಾಕಿದ್ದು ನೀನೇ ತಾನೇ ಕತ್ತೆ? ಹೂಂ, ನಾನೇ. ನಾಳಿದ್ದು ಊಟ, ಊರಿಗೆಲ್ಲ ಹೇಳಿ ಆಗಿದೆ, ಬಂದೋರಿಗೆ ನಿನ್ನ ತಲೆ ಬೇಯಿಸಿ ಹಾಕ್ಲಾ? ಬೇರೆ ಕುದುರೆ ಕಡೀರಿ ಚಿಕ್ಕಪ್ಪ, ಬೂರಿಲ್‌ಗೆ ಇನ್ನೊಂದು ವರ್ಷ ಕೊಡಿ. ಫೋನಿನಲ್ಲಿ ಗಾಳಿಯ ಸದ್ದು, ದೂರದಲ್ಲಿ ಒಂದು ಕೆನೆತ, ಬೂರಿಲ್‌ನದೇ ಇರಬೇಕು, ಆಮೇಲೆ ಚಿಕ್ಕಪ್ಪ ಮೆಲ್ಲಗೆ, ಆಯ್ತು ಬಿಡು, ಮಗಳೇ ಕೇಳಿದ್ಮೇಲೆ ನಾನ್ಯಾರು, ಅಣ್ಣ ಅಲ್ಲಿ ಕುದುರೆ ಇಲ್ದೆ ಇನ್ನೊಂದು ವರ್ಷ ನಡೀತಾನೆ. ನಡೀತಾನೆ, ಆ ಮಂಡಿಯಲ್ಲಿ, ಈ ದೊರೆ ಒಂದು ದಿನವೂ ನಡೆದಿರಲಿಲ್ಲ, ಮೇಡಂ ಏನೋ ಹೇಳುತ್ತಿದ್ದಾರೆ, ಕುಂಚ ಆಡಿಸು ಅಂತಲೋ ಏನೋ, ಕುಂಚ ಏಳುತ್ತಿಲ್ಲ, ಮೋಟು ಜೂಲು, ಸೆಟೆದದ್ದು, ಒಂದೆಳೆಯೂ ಬೆಳೆಯದ್ದು, ಮೋಟು ಜೂಲು