ಲೂರ್ದಮ್ಮ ಕೇಳಿದ ಜಪ

ಕೊಡಗು ಮೈಸೂರಿಗೆ ಸೇರಿದ ಮರುವರ್ಷ, ನೆಲ್ಯಹುದಿಕೇರಿಯ ಕಾಫಿ ಎಸ್ಟೇಟಿನ ಕೂಲಿ ಲೈನಿನ ಮನೆಯಲ್ಲಿ ಲೂರ್ದಮ್ಮ ಜ್ವರದಿಂದ ಸಾಯುವ ಸ್ಥಿತಿಯಲ್ಲಿದ್ದಳು. ದೊಡ್ಡ ಮಗ ಇನ್ನಾಸಪ್ಪ ಚರ್ಚಿನ ಉಪದೇಶಿ. ಚಿಕ್ಕವನು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸವೇರಪ್ಪ, ಮಡಿಕೇರಿಗೆ ಬಂದಿದ್ದ ಬೋಧಕರೊಬ್ಬರ ಮಾತು ಕೇಳಿ, ಯೇಸು ದೇವರಲ್ಲ ಎಂದು ಚರ್ಚು ಬಿಟ್ಟಿದ್ದ. ಅಂದಿನಿಂದ ಅಣ್ಣ ತಮ್ಮಂದಿರ ನಡುವೆ ಮಾತಿರಲಿಲ್ಲ.

“ಇಬ್ರೂ ಸೇರಿ ಒಂದು ಜಪ ಹೇಳ್ರಪ್ಪಾ,” ಎಂದಳು ತಾಯಿ.

ಇನ್ನಾಸಪ್ಪ ಮೊಣಕಾಲೂರಿ, “ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ” ಎಂದು ಶುರುಮಾಡಿದ.

“ಮೂರು ಹೆಸರು ಬೇಡ ಅಣ್ಣ. ಲೋಕ ಮಾಡಿದ್ದು ತಂದೆ ಒಬ್ಬನೇ. ಅವನನ್ನ ಮಾತ್ರ ಕರಿ,” ಎಂದ ಸವೇರಪ್ಪ.

“ಮಗನಿಲ್ದೆ ಒಂದು ಹುಲ್ಲುಕಡ್ಡೀನೂ ಹುಟ್ಟಿಲ್ಲ. ಬೈಬಲ್ ಓದಿಲ್ವ ನೀನು?”

“ಆ ಮಗನನ್ನೂ ತಂದೆಯೇ ಸೃಷ್ಟಿ ಮಾಡಿದ್ದು. ಅದೂ ಬೈಬಲಲ್ಲೇ ಇದೆ!”

ಸವೇರಪ್ಪ ಬೈಬಲ್ ತೆರೆದ. ಅಣ್ಣ ಅದನ್ನು ಕಿತ್ತುಕೊಂಡು ತನ್ನ ವಾಕ್ಯ ಹುಡುಕತೊಡಗಿದ. ಇಬ್ಬರ ದನಿಯೂ ಏರಿತು.

“ಅವ್ವನ್ನ ನೋಡ್ರೋ!” ಎಂದು ನೆರೆಯವಳೊಬ್ಬಳು ಬಾಗಿಲಲ್ಲಿ ನಿಂತು ಕಿರುಚಿದಾಗಲೇ ಅವರು ತಿರುಗಿದ್ದು. ಲೂರ್ದಮ್ಮನ ಕಣ್ಣು ತೆರೆದೇ ಇತ್ತು. ಉಸಿರು ನಿಂತುಹೋಗಿತ್ತು.

“ಹೇಳು ಅಣ್ಣ, ನಿಂಗೆ ಬಂದದ್ದನ್ನೇ ಹೇಳು,” ಎಂದು ಸವೇರಪ್ಪ ಅಣ್ಣನ ಕಾಲು ಹಿಡಿದು ಅತ್ತ. ಇನ್ನಾಸಪ್ಪ ಬಾಯಿ ತೆರೆದ. ದಿನವೂ ಹೇಳುವ ಜಪದ ಒಂದು ಮಾತೂ ಅವನಿಗೆ ಬರಲಿಲ್ಲ.