ತಿಳಿನೀರು ಕಂದಾದಾಗ

ರಜೆ ಬಂತೆಂದರೆ ನಮ್ಮ ಬೀದಿಯಲ್ಲಿ ಜಲಪಾತದ ಮಾತೇ ಮಾತು. ದಾರಿ ತೀರಾ ಚಿಕ್ಕದು. ಊಟ ಮುಗಿಸಿ ಹೊರಟರೂ ಕತ್ತಲಾಗುವ ಮುಂಚೆ ಮನೆ ಸೇರಬಹುದು. ಅದಕ್ಕೇ ಎಲ್ಲರಿಗೂ ಅದೆಂದರೆ ಸದರ. ಹೋದವರಲ್ಲಿ ಒಬ್ಬರಾದರೂ ಕಾಲು ಉಳುಕಿಸಿಕೊಂಡು ಬರುವುದು, ನಾವು "ಅಯ್ಯೋ ಪಾಪ" ಎಂದು ಮರುವಾರ ನಾವೇ ಹೊರಡುವುದು, ಇದ್ದದ್ದೇ.

ಈ ಸಲ ಹೊರಟದ್ದು ಬಣ್ಣದಣ್ಣನ ಸಂಸಾರ. ಬಟ್ಟೆಗೆ ಬಣ್ಣ ಹಾಕುವುದು ಅವನ ಕೆಲಸ. ಉಗುರಿನ ಸಂದಿಯಲ್ಲಿ ಒಂದಲ್ಲ ಒಂದು ಬಣ್ಣ ಇದ್ದೇ ಇರುತ್ತದೆ. ಜೊತೆಗೆ ಹೆಂಡತಿ, ಮಗಳು ಪುಟ್ಟಿ. ಮುಂದೆ ಹೆಂಡತಿಯ ಅಕ್ಕ. ಆ ಕಾಲುದಾರಿಯನ್ನು ಕಾಯುವುದೇ ಅಕ್ಕನ ಉದ್ಯೋಗ, ಕೊರಳಲ್ಲಿ ಸದಾ ಒಂದು ಸೀಟಿ.

ದಾರಿ ಒರಟು. ಬೇರು, ಬಂಡೆ, ಮತ್ತೆ ಬೇರು. ಆದರೂ ನಡೆಯುತ್ತ ನಡೆಯುತ್ತ ಅವರಿಗೆ ಅರೆನಿದ್ದೆಯಲ್ಲಿ ಇದ್ದಂತೆ ಅನಿಸತೊಡಗಿತು. ಎಲೆಗಳ ಮಧ್ಯೆ ಬಿಸಿಲು ಸೋಸಿ ಬೀಳುತ್ತಿತ್ತು. ನೀರು ಕಾಣುವ ಮೊದಲೇ ಅದರ ಸದ್ದು ಎಲ್ಲಿಂದಲೋ ತೇಲಿ ಬಂತು. ಯಾರಿಗೂ ಜೋರಾಗಿ ಮಾತಾಡಬೇಕು ಅನಿಸಲಿಲ್ಲ.

"ಒಣಗಿದ ಕಲ್ಲು ನೋಡಿ ಕಾಲಿಡಿ, ಹಸಿರಾಗಿದ್ರೆ ಪಾಚಿ," ಎಂದಳು ಅಕ್ಕ. "ಇನ್ನೊಂದು. ತಿಳಿನೀರು ರಾಡಿಯಾದ್ರೆ ಅಲ್ಲಿ ನಿಲ್ಲಲೇಬೇಡಿ. ಎತ್ತರಕ್ಕೆ ಹತ್ತಿಬಿಡಿ."

ಬಣ್ಣದಣ್ಣ ನಕ್ಕ. "ನೀರಿನ ಬಣ್ಣ ಬದಲಾಗೋದಕ್ಕೆ ಹೆದರಿದ್ರೆ ನನ್ನ ಕೆಲಸ ಆದ ಹಾಗೇ ಅತ್ತಿಗೆ! ಮೇಲೆ ನೋಡಿ, ಒಂದು ಚೂರು ಮೋಡ ಇಲ್ಲ."

"ಇಲ್ಲಿ ಇಲ್ಲ. ಗುಡ್ಡದ ಆಚೆ ಸುರೀತಾ ಇದ್ರೆ? ಆ ನೀರು ಇಲ್ಲಿಗೇ ತಾನೇ ಬರೋದು."

"ಇವರಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ," ಎಂದಳು ಹೆಂಡತಿ.

ಜಲಪಾತ ಕಂಡಾಗ ಗಂಡ, ಹೆಂಡತಿ, ಮಗಳು ತಲೆಯೆತ್ತಿ ನೋಡುತ್ತ ನಿಂತರು. ನೀರು ಬೀಳುತ್ತಿರಲಿಲ್ಲ, ಯಾರೋ ಮೇಲಿನಿಂದ ಬಿಳಿ ಬಟ್ಟೆಯ ಥಾನನ್ನು ನಿಧಾನವಾಗಿ ಬಿಚ್ಚುತ್ತಿದ್ದರು. ಬಣ್ಣದಣ್ಣನ ಕಣ್ಣಿಗಂತೂ ಹಾಗೇ ಕಂಡಿತು. ದಡದಿಂದ ಒಂದು ದಾಟು ದೂರದಲ್ಲಿ, ನೀರಿನ ನಡುವೆ, ಚಪ್ಪಟೆ ಬಂಡೆಯಿತ್ತು. ಪುಟ್ಟಿ ಅಪ್ಪನ ಮುಖ ನೋಡಿದಳು.

"ನಡುಬಂಡೆ ಬೇಡ," ಎಂದಳು ಅಕ್ಕ.

"ಕೈಗೆಟುಕೋ ಹಾಗೇ ಇದೆಯಲ್ಲ ಅತ್ತಿಗೆ. ಮಗು ಅಲ್ವಾ, ಒಂಚೂರು ಮಲಗ್ಲಿ ಬಿಡಿ."

ಪುಟ್ಟಿ ಬಂಡೆಯ ಮೇಲೆ ಅಂಗಾತ ಮಲಗಿದಳು. ಮುಖಕ್ಕೆ ತುಂತುರು, ಬೆನ್ನಿಗೆ ಬೆಚ್ಚಗಿನ ಕಲ್ಲು. ಆಕಾಶ ತನ್ನ ಸುತ್ತ ಮೆಲ್ಲಗೆ ತಿರುಗುತ್ತಿದೆ ಅನಿಸಿತು ಅವಳಿಗೆ. ಅಪ್ಪ ದಡದಲ್ಲಿ ಕಾಲು ಇಳಿಬಿಟ್ಟು ಕೂತ. ಅಂಥ ಸುಖ ಅವನು ಎಷ್ಟೋ ದಿನದಿಂದ ಕಂಡಿರಲಿಲ್ಲ.

ಆಗ ನೀರಿಗೆ ಬಣ್ಣ ಬಂತು. ಮೊದಲು ತಿಳಿ ಚಹಾದಷ್ಟು, ಆಮೇಲೆ ಹದವಾದ ಕಂದು. ಬಣ್ಣದಣ್ಣನ ಎದೆ ಹಿಗ್ಗಿತು. ಎಷ್ಟು ತೊಗಟೆ ಕುದಿಸಿದರೂ ಅವನಿಗೆ ಒಲಿಯದ ಕಂದು ಅದು! ಬೇರೆ ಯಾರಾಗಿದ್ದರೂ ಎದ್ದು ನಿಲ್ಲುತ್ತಿದ್ದರೋ ಏನೋ. ಇವನು ಮಾತ್ರ ಹೆಗಲ ಮೇಲಿನ ಬಿಳಿ ಟವೆಲ್ ತೆಗೆದು, ಬಣ್ಣ ಹಿಡಿಯುತ್ತದೆಯೇ ನೋಡಲು ನೀರಿಗೆ ಅದ್ದಿದ. ಮುಖದ ತುಂಬ ನಗು.

ಸೀಟಿ ಕೂಗಿತು. "ಪುಟ್ಟೀ, ಎದ್ದು ಬಾ!" ಅಕ್ಕ ಕಿರುಚಿದಳು, ಅಮ್ಮನೂ ಕಿರುಚಿದಳು. ಪುಟ್ಟಿ ತಲೆಯೆತ್ತಿ ಅಪ್ಪನ ಕಡೆ ನೋಡಿದಳು, ಮತ್ತೆ ಮಲಗಿದಳು.

ಬಣ್ಣದಣ್ಣ ಟವೆಲ್ ಎತ್ತಿದ. ಅದಕ್ಕೆ ಬಣ್ಣ ಹಿಡಿದಿರಲಿಲ್ಲ. ತುಂಬಿದ್ದದ್ದು ಹಸಿ ಎಲೆ, ಮುರಿದ ಕಡ್ಡಿ, ಕೈ ಜಗ್ಗುವಷ್ಟು ಮಣ್ಣು. ಅತ್ತಿಗೆ ಹೇಳಿದ್ದ ರಾಡಿ ಇದೇ. ಟವೆಲ್ ಬಿಟ್ಟು ಎದ್ದವನೇ ಕೂಗಿದ, "ಪುಟ್ಟೀ! ಹಾರು! ಈಗ್ಲೇ!"

ಅಪ್ಪನ ಆ ಮುಖವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಒಂದೇ ನೆಗೆತಕ್ಕೆ ದಡಕ್ಕೆ ಹಾರಿದಳು, ಅಮ್ಮ ರಟ್ಟೆ ಹಿಡಿದು ಎಳೆದಳು. ನಾಲ್ವರೂ ಎದ್ದೆವೋ ಬಿದ್ದೆವೋ ಎಂದು ದಿಬ್ಬ ಹತ್ತಿದರು. ಚಪ್ಪಲಿ, ಬುತ್ತಿ ಎಲ್ಲ ಅಲ್ಲೇ ಉಳಿದವು. ತಿರುಗಿ ನೋಡಿದರೆ ಬಂಡೆ ಮುಳುಗಿಹೋಗಿತ್ತು. ಅದರ ಮೇಲೆ ಇಡೀ ಮರವೊಂದು ಉರುಳಿಕೊಂಡು ಹೋಗುತ್ತಿತ್ತು. ಆಕಾಶ ಮಾತ್ರ ನೀಲಿಯಾಗೇ ಇತ್ತು.

ಬಣ್ಣದಣ್ಣ ಮಗಳನ್ನು ತಬ್ಬಿಕೊಂಡ. "ದೊಡ್ಡಮ್ಮ ಕರೆದಾಗ ಯಾಕೆ ಏಳ್ಲಿಲ್ಲ ಕಂದಾ?"

"ನೀನು ನಗ್ತಾ ಇದ್ಯಲ್ಲಪ್ಪಾ."

ಅವನು ಬಿಕ್ಕಿಬಿಕ್ಕಿ ಅತ್ತ. "ಅತ್ತಿಗೆ, ಇನ್ನು ನಿಮ್ಮ ಮಾತು ಮೀರಲ್ಲ," ಎಂದ. ಅಕ್ಕ ಅವನ ಬೆನ್ನು ಸವರಿದಳು.

ಅಣ್ಣಂದಿರೇ, ಅಕ್ಕಂದಿರೇ, ಜಲಪಾತಕ್ಕೆ ಹೋಗಬೇಡಿ ಎಂದು ಯಾರೂ ಹೇಳುತ್ತಿಲ್ಲ. ಹೋಗಿ, ಕಣ್ತುಂಬ ನೋಡಿ. ಎಲ್ಲಿಗೆ ಹೊರಟಿರಿ ಎಂದು ಮನೆಯಲ್ಲಿ ಹೇಳಿ ಹೋಗಿ, ಜಾರದ ಬೂಟು ಹಾಕಿ, ನಡುಬಂಡೆಯ ಆಸೆ ಬಿಡಿ. ನೀರು ರಾಡಿಯಾದರೆ, ಎಲೆ ಕಡ್ಡಿ ತೇಲಿ ಬಂದರೆ, ನೀರಿನ ಸದ್ದು ಜೋರಾದರೆ, ಬಿಸಿಲಿದ್ದರೂ ಸರಿ, ಕೈಲಿದ್ದದ್ದು ಬಿಟ್ಟು ದಿಬ್ಬ ಹತ್ತಿ. ಆ ಹೊತ್ತಿನಲ್ಲಿ ನಿಮ್ಮ ಮಗು ನೀರನ್ನು ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತದೆ. ಮೊದಲು ನೀವು ಏಳಿ.