ಶೀಟಿನ ಆ ತುದಿಯವಳು

"ಮಾತ್ರೆ ನುಂಗಿದ್ಯೇನೇ ಹುಚ್ಚಿ? ಇಲ್ಲ ಇವತ್ತೂ ಮರೆತು ಬಂದ್ಯಾ?"

ಶೀಟಿನ ಒಂದು ಮೂಲೆ ನನ್ನ ಕೈಯಿಂದ ಜಾರಿ ನೆಲ ಮುಟ್ಟಿತ್ತು. ಆದದ್ದು ಅಷ್ಟೇ. ಮೇಸ್ತ್ರಿ ಆ ಮೂಲೆಯನ್ನು ಎತ್ತಿ ನನ್ನ ಮೂಗಿಗೆ ಹಿಡಿದ. ಅಂಗೈಯಗಲ ಕೊಳೆ.

"ನೋಡ್ಕೊ ಸರಿಯಾಗಿ. ನಿಮ್ಮಪ್ಪ ಬಂದು ಒಗೀತಾನಾ ಇದನ್ನ? ದರಿದ್ರ ಮುಂಡೇದೆ."

ನಮ್ಮ ಲಾಂಡ್ರಿಯಲ್ಲಿ ಬೇರೆ ಯಾವ ತಪ್ಪಾದರೂ ಬೈಗುಳದಲ್ಲಿ ಮುಗಿಯುತ್ತದೆ, ಒಗೆದ ಶೀಟು ನೆಲಕ್ಕೆ ಬಿದ್ದರೆ ಮುಗಿಯುವುದಿಲ್ಲ. ಬೀಳಿಸಿದವಳು ಎಲ್ಲರೂ ಮನೆಗೆ ಹೋದ ಮೇಲೂ ನಿಂತು ಅದನ್ನು ಮತ್ತೆ ಒಗೆದು, ಹಿಂಡಿ, ಒಣಗಿಸಿ, ಮಡಿಸಿಟ್ಟು ಹೋಗಬೇಕು. ಊರಿನ ದೊಡ್ಡ ಹೋಟೆಲುಗಳಲ್ಲಿ, ಆಸ್ಪತ್ರೆಗಳಲ್ಲಿ ಜನ ಮಲಗುವುದು ನಾವು ಮಡಿಸಿದ ಶೀಟಿನ ಮೇಲೆ. ನಾವು ಯಾವುದರ ಮೇಲೆ ಮಲಗುತ್ತೇವೆ ಎಂದು ಇದುವರೆಗೆ ಯಾವ ನನ್ಮಗನೂ ಕೇಳಿಲ್ಲ.

ಶೀಟಿನ ಆ ತುದಿ ಹಿಡಿದಿದ್ದವಳು ನನ್ನ ಅತ್ತೆ. ಮೇಸ್ತ್ರಿ ನನ್ನನ್ನು ಬೈಯುವಷ್ಟು ಹೊತ್ತೂ ಅವಳು ತನ್ನ ಎರಡು ಮೂಲೆ ಬಿಗಿಯಾಗಿ ಹಿಡಿದುಕೊಂಡು, ಮೇಲೆ ಚಾವಣಿಯ ಹಬೆ ಕೊಳವೆಯನ್ನು ನೋಡುತ್ತಾ ನಿಂತಿದ್ದಳು.

ನನಗೆ ಏನಾಗಿತ್ತೆಂದು ಈಗಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವೇ ಇಲ್ಲದ್ದು ಸಲ್ಲದ್ದು ಕಟ್ಟಿಕೊಳ್ಳುತ್ತೀರಿ. ಹೆತ್ತ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದವಳು ನಾನು ಏಳಲಿಲ್ಲ. ಮಗಳು ಪಕ್ಕದಲ್ಲೇ ಉಸಿರುಗಟ್ಟುವಂತೆ ಅತ್ತರೂ ಯಾರದೋ ಮನೆಯ ಸದ್ದು ಅನ್ನಿಸುತ್ತಿತ್ತು. ಹಾಲು ಸೋರಿ ಹಾಸಿಗೆ ತೊಯ್ದರೂ ತಿಳಿಯುತ್ತಿರಲಿಲ್ಲ. ಒಂದು ದಿನ ಅವಳನ್ನು ಬಟ್ಟೆಯ ಬುಟ್ಟಿಯಲ್ಲಿ ಮಲಗಿಸಿ, ಮೇಲೆ ಒದ್ದೆ ಬಟ್ಟೆ ಹೇರಿ, ಬೀದಿಗೆ ನಡೆದುಬಿಟ್ಟೆನಂತೆ. ನನಗೆ ನೆನಪಿಲ್ಲ. ಬಟ್ಟೆ ಸರಿಸಿ ಮಗುವನ್ನು ಎತ್ತಿದ ಅತ್ತೆಗೆ ನೆನಪಿದೆ. ಆಮೇಲೆ ಆಸ್ಪತ್ರೆ, ಮಾತ್ರೆ, ಮತ್ತೆ ಮನೆ. ಜ್ವರ ಬಂದು ವಾಸಿಯಾದವಳನ್ನು ಯಾರೂ ಜ್ವರದವಳು ಎಂದು ಕರೆಯುವುದಿಲ್ಲ. ನನಗೆ ಮಾತ್ರ ಹೆಸರು ಹೋಗಿ ಹುಚ್ಚಿ ಎನ್ನುವುದು ಉಳಿಯಿತು.

ಕೆಲಸಕ್ಕೆ ವಾಪಸು ಬಂದಾಗ ಯಾರೂ ನನ್ನ ಜೊತೆ ಶೀಟು ಹಿಡಿಯಲಿಲ್ಲ. ಒಬ್ಬಳೇ ಮಡಿಸುವ ವಸ್ತುವಲ್ಲ ಅದು. ಇಬ್ಬರು ಎರಡೆರಡು ಮೂಲೆ ಹಿಡಿದು, ಝಾಡಿಸಿ, ಎದುರೆದುರು ನಡೆದುಬಂದು, ಮೂಲೆಗೆ ಮೂಲೆ ಕೂಡಿಸಬೇಕು. ಹೆಂಗಸರು ನಾನೇನೋ ಕಚ್ಚುವವಳಂತೆ ಹಿಂದೆ ಸರಿದರು. ಮೇಸ್ತ್ರಿಗೆ ತಮಾಷೆ ಹೊಳೆಯಿತು.

"ಏ ಮುದುಕಿ, ನಿಮ್ಮನೆ ಹುಚ್ಚನ್ನ ನೀನೇ ಹಿಡ್ಕೊ."

ಹಾಗೆ ನಾವಿಬ್ಬರೂ ಜೋಡಿಯಾದೆವು. ಮನೆಯಲ್ಲಿ ಅತ್ತೆ ನನ್ನೊಡನೆ ಮಾತು ಬಿಟ್ಟಿದ್ದಳು. ಏನಾದರೂ ಹೇಳುವುದಿದ್ದರೆ ಬಾಗಿಲಿಗೆ ಹೇಳುತ್ತಿದ್ದಳು. ಗಂಡ ಲಾರಿ ಓಡಿಸುವವನು, ಮನೆಗೆ ಬರುವುದೇ ಅಪರೂಪ. ಬಂದಾಗ "ಅಮ್ಮ ಹೇಳ್ದಂಗೆ ಕೇಳ್ಕೊಂಡಿರು" ಎಂದು ಹೇಳಿ, ತಿಂದು, ಮಲಗಿ, ಹೋಗುತ್ತಿದ್ದ. ಮಗಳು ಅತ್ತೆಯ ವಶ, ರಾತ್ರಿ ಕೋಣೆಗೆ ಚಿಲಕ ಹಾಕಿಕೊಂಡು ಜೊತೆಗೇ ಮಲಗಿಸಿಕೊಳ್ಳುತ್ತಿದ್ದಳು. ಲಾಂಡ್ರಿಯಲ್ಲೂ ಅವಳನ್ನು ಬುಟ್ಟಿಯೊಂದರಲ್ಲಿ ಮಲಗಿಸಿ ತನ್ನ ಕಣ್ಣಳತೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಹಾಲು ಕುಡಿಸುವ ಹೊತ್ತಿಗೆ ತಂದು ನನ್ನ ಮಡಿಲಲ್ಲಿ ಹಾಕಿ ತಲೆಯ ಮೇಲೆಯೇ ನಿಲ್ಲುತ್ತಿದ್ದಳು. ಮುಗಿದ ಕೂಡಲೇ ಎತ್ತಿಕೊಳ್ಳುತ್ತಿದ್ದಳು. ತೇಗಿಸುವುದಕ್ಕೂ ನನ್ನ ಹೆಗಲಿಗೆ ಬಿಡುತ್ತಿರಲಿಲ್ಲ.

ನನ್ನ ಹೊಟ್ಟೆ ಉರಿಯುತ್ತಿತ್ತು. ಹೆತ್ತವಳು ನಾನು, ಹಾಲು ಕೊಡುವವಳು ನಾನು, ಆದರೆ ನಾನು ಬರೀ ಕೊಳಾಯಿ.

ಆದರೂ ದಿನವಿಡೀ ಮಾತು ಬಿಟ್ಟವಳ ಮುಖದ ಹತ್ತಿರಕ್ಕೇ ನಡೆದು ನಡೆದು ಬರುವುದೆಂದರೆ ಹುಡುಗಾಟವಲ್ಲ. ಝಾಡಿಸು, ಮಡಿಸು, ನಡೆ. ಬೆರಳಿಗೆ ಬೆರಳು ತಾಗುತ್ತದೆ, ಅವಳ ಉಸಿರು ನನ್ನ ಕೆನ್ನೆಗೆ ಬಡಿಯುತ್ತದೆ, ಮೂಲೆ ಕೊಟ್ಟು ಹಿಂದಕ್ಕೆ ಹೋಗಬೇಕು. ಮೊದಲು "ಬಿಗಿಯಾಗಿ ಹಿಡಿ" ಎಂದಳು. ಇನ್ನೊಂದು ದಿನ "ಮಾತ್ರೆ ತಿಂದ್ರೆ ಬಾಯಿ ಒಣಗತ್ತಾ?" ಎಂದಳು. ನಾನು ಹೂಂ ಎನ್ನುವಷ್ಟರಲ್ಲಿ ಅವಳು ಆ ತುದಿಯಲ್ಲಿದ್ದಳು.

ಮೇಸ್ತ್ರಿ ನನ್ನ ಮುಖಕ್ಕೆ ಶೀಟು ಹಿಡಿದನಲ್ಲ, ಆ ದಿನ ಅವನು ಅತ್ತ ಹೋದ ಮೇಲೆ ನಾವು ಇನ್ನೊಂದು ಶೀಟು ತೆಗೆದುಕೊಂಡೆವು. ನಡೆದು ಬಂದಳು. ಮೂಲೆ ಕೊಡುತ್ತಾ, "ನಂಗೂ ಆಗಿತ್ತು" ಎಂದಳು.

ನನಗೆ ಏನೂ ತಿಳಿಯಲಿಲ್ಲ. ಅವಳು ಆಗಲೇ ಹಿಂದೆ ಹೋಗುತ್ತಿದ್ದಳು. ಕೂಗಿ ಕೇಳುವಂತಿಲ್ಲ, ಮಾತಾಡಿದರೆ ಮೇಸ್ತ್ರಿ ಬರುತ್ತಾನೆ. ಮುಂದಿನ ಮಡಿಕೆಯವರೆಗೆ ಕಾಯಬೇಕಾಯಿತು.

"ಏನಾಗಿತ್ತು?"

"ನಿಂಗೆ ಆಗಿದ್ದೇ. ನಿನ್ ಗಂಡ ಹುಟ್ದಾಗ."

ಹಿಂದಕ್ಕೆ. ಝಾಡಿಸು. ಮತ್ತೆ ಮುಂದಕ್ಕೆ.

"ಬಾವಿ ಕಟ್ಟೆ ಮೇಲೆ ಮಲಗ್ಸಿದ್ದೆ ಅವನನ್ನ. ಮಲಗ್ಸಿ ನೀರು ನೋಡ್ತಾ ನಿಂತ್ಕೊಂಡಿದ್ದೆ."

ಹಿಂದಕ್ಕೆ ಹೋದಾಗ ಅವಳ ಮುಖದಲ್ಲಿ ಏನೂ ಇರಲಿಲ್ಲ. ಬಟ್ಟೆ ಮಡಿಸುವವಳ ಮುಖ ಅಷ್ಟೇ.

"ಆಮೇಲೆ?"

"ಆಮೇಲೇನು. ಕಟ್ಟಿಹಾಕಿದ್ರು. ದನದ ಪಕ್ಕದಲ್ಲಿ. ಹಾಲು ಕುಡಿಸೋಕೆ ಮಾತ್ರ ಬಿಚ್ಚೋರು."

ಇನ್ನೊಂದು ಶೀಟು ಮಡಿಸಿಟ್ಟೆವು. ಕಡೆಗೆ ಕೇಳಿದೆ: "ಆಮೇಲೆ ಹೇಗೆ ಹುಷಾರಾದ್ರಿ?"

"ಹುಷಾರಾದೆ ಅಂತ ನಿಂಗ್ಯಾರೇ ಹೇಳಿದ್ದು?"

ನಗು ಎಲ್ಲಿತ್ತೋ, ಇಬ್ಬರಿಗೂ ಒಟ್ಟಿಗೇ ಬಂತು. ಹೆತ್ತ ಮೇಲೆ ನಾನು ನಕ್ಕದ್ದು ಅದೇ ಮೊದಲು. ದೂರದಿಂದ ಮೇಸ್ತ್ರಿ, "ಏನೇ ಅದು ಹಲ್ಲು ಕಿಸಿಯೋದು, ಮದುವೆ ಸಂಬಂಧ ಕುದುರಿಸ್ತಿದೀರಾ?" ಎಂದು ಕೂಗಿದ. ನಾವು ತಲೆ ತಗ್ಗಿಸಿದೆವು. ಮುಂದಿನ ಮಡಿಕೆಗೆ ಅವಳು ಹೇಳಿದಳು:

"ನಿನ್ ಮೇಲೆ ನಂಬಿಕೆ ಇಲ್ದೆ ಅಲ್ಲ ಕಣೇ. ಆ ಹೊತ್ತಿನ ಮೇಲೆ ನಂಬಿಕೆ ಇಲ್ಲ ನಂಗೆ."

ಅವಳ ಮೇಲಿನ ನನ್ನ ಸಿಟ್ಟು ಅಂದೇ ಇಳಿದುಹೋಯಿತು ಎಂದರೆ ಸುಳ್ಳು. ಕಟ್ಟಿನ ನೋವು ತಿಳಿದವಳೇ ನನ್ನನ್ನು ಕಟ್ಟಿದ್ದಾಳಲ್ಲ ಎಂದು ಇನ್ನಷ್ಟು ಏರಿತು. ಆದರೆ ಅಂದಿನಿಂದ ನಾವು ಶೀಟಿಗೊಂದು ಮಾತು ಆಡಿಕೊಳ್ಳುತ್ತಾ ಹೋದೆವು. ಆಸ್ಪತ್ರೆಯ ಡಾಕ್ಟರು ಮಾತ್ರೆ ಕೊಟ್ಟಿದ್ದರು, ಅದೂ ಬೇಕಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಹೇಳಿಕೊಂಡದ್ದನ್ನು ಕೇಳಿ ಓಡಿಹೋಗದೆ, ಮೂಲೆ ಹಿಡಿದು ಮತ್ತೆ ಎದುರು ಬರುವ ಒಬ್ಬಳು ನನಗೆ ಸಿಕ್ಕಿದ್ದು ಲಾಂಡ್ರಿಯಲ್ಲಿ. ಬರಬರುತ್ತಾ, ಯಂತ್ರಗಳ ಗಲಾಟೆಯ ನಡುವೆ ಬುಟ್ಟಿಯಲ್ಲಿ ಮಗಳು ಕುಸುಗುಟ್ಟಿದರೂ ನನಗೆ ಕೇಳಿಸತೊಡಗಿತು. ಕೇಳಿದ ಕೂಡಲೇ ಹಾಲು ತುಂಬಿ ಎದೆ ಬಿಗಿಯುತ್ತಿತ್ತು. ಅದು ಯಾರದೋ ಮನೆಯ ಸದ್ದಾಗಿರಲಿಲ್ಲ.

ಅಷ್ಟರಲ್ಲಿ ಇಸ್ತ್ರಿ ಯಂತ್ರದ ಮುಚ್ಚಳ ಬಿತ್ತು.

ಆ ಯಂತ್ರದಲ್ಲಿ ದುಡಿಯುತ್ತಿದ್ದವಳನ್ನು ನಾವು ಗುಂಗುರಿ ಎನ್ನುತ್ತಿದ್ದೆವು, ತಲೆ ತುಂಬ ಗುಂಗುರು ಕೂದಲಿನ, ಎರಡು ಮಕ್ಕಳ ತಾಯಿ. ಕಾದ ಮುಚ್ಚಳವನ್ನು ಮೇಲೆತ್ತಿ ಹಿಡಿಯುವ ಕೊಕ್ಕೆ ಎಂದೋ ಮುರಿದಿತ್ತು. ಮೇಸ್ತ್ರಿ ಹಳೆಯ ಶೀಟಿನ ಹರುಕು ಪಟ್ಟಿಯಿಂದ ಅದನ್ನು ಮೇಲಿನ ಕಂಬಿಗೆ ಕಟ್ಟಿದ್ದ. ಪಟ್ಟಿ ಸುಟ್ಟು ಕಪ್ಪಾಗುತ್ತಿರುವುದು ಕಂಡು ಬೆಳಿಗ್ಗೆ ನಾನೇ ಹೇಳಿದ್ದೆ.

"ಅದು ಬೀಳತ್ತೆ ಮೇಸ್ತ್ರಿ."

"ನಿನ್ ತಲೆಗಿಂತ ಗಟ್ಟಿಯಾಗಿದೆ, ಹೋಗೇ."

ಎಲ್ಲರೂ ನಕ್ಕಿದ್ದರು. ಗುಂಗುರಿಯೂ ನಕ್ಕಿದ್ದಳು. ಮಧ್ಯಾಹ್ನ ಪಟ್ಟಿ ಹರಿಯಿತು. ಅವಳ ಬಲಗೈ ಮೊಣಕೈಯವರೆಗೆ ಒಳಗಿತ್ತು. ಆ ಕೂಗನ್ನು, ಆ ವಾಸನೆಯನ್ನು ನಾನು ಬರೆಯುವುದಿಲ್ಲ. ಅವಳನ್ನು ಹೊತ್ತುಕೊಂಡು ಹೋದ ಆಸ್ಪತ್ರೆಯಲ್ಲಿ ಹಾಸಿದ್ದು ನಾವೇ ಮಡಿಸಿದ ಶೀಟಿರಬೇಕು.

ಸಂಜೆ ಮಾಲೀಕ ಅತ್ತೆಯನ್ನೂ ನನ್ನನ್ನೂ ತನ್ನ ಕೋಣೆಗೆ ಕರೆಸಿದ. ಮೇಸ್ತ್ರಿ ಬಾಗಿಲಿಗೆ ಒರಗಿ ನಿಂತಿದ್ದ. ಮಾಲೀಕ ಮಾತಾಡಿದ್ದೆಲ್ಲ ಅತ್ತೆಯೊಂದಿಗೆ. ನಾನು ಅಲ್ಲಿ ಇಟ್ಟ ಬುಟ್ಟಿಯಂತೆ ನಿಂತಿದ್ದೆ.

"ನಾಳೆ ಕಾರ್ಮಿಕ ಇಲಾಖೆ ಅಧಿಕಾರಿ ಬರ್ತಾರೆ. ನೀನು ಹೇಳ್ಬೇಕಾದ್ದು ಒಂದೇ ಮಾತು. ನಿನ್ ಸೊಸೆ ಹೋಗಿ ಮುಚ್ಚಳ ಎಳೆದುಬಿಟ್ಲು, ಹುಚ್ಚು ಕೆದರಿ. ಉಳಿದೋರಿಗೆ ಹೇಳಾಗಿದೆ. ಮನೆಯೋಳು ನೀನು ಹೇಳಿದ್ರೆ ಮುಗೀತು."

ಅತ್ತೆ ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು.

"ಇವಳಿಗೇನು ಜೈಲಾಗಲ್ಲ, ಹೆದರ್ಬೇಡ. ಮತ್ತೆ ಆಸ್ಪತ್ರೆಗೆ ಕಳಿಸ್ತಾರೆ ಅಷ್ಟೆ. ಮಗು ನಿನ್ ಹತ್ರಾನೇ ಇರತ್ತೆ, ಕೇಳೋರು ಯಾರೂ ಇರಲ್ಲ. ನಿನ್ ಕೆಲಸಾನೂ ಇರತ್ತೆ. ಯೋಚ್ನೆ ಮಾಡು."

ಅತ್ತೆ ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನಲೂ ಇಲ್ಲ. ದಾರಿಯುದ್ದಕ್ಕೂ ಮಗುವನ್ನು ಎದೆಗವಚಿಕೊಂಡು ನನ್ನ ಮುಂದೆ ನಡೆದಳು. ಮನೆಗೆ ಬಂದವಳೇ ಕೋಣೆ ಹೊಕ್ಕು, ಎಂದಿನಂತೆ ಚಿಲಕ ಹಾಕಿಕೊಂಡಳು. ನಾನು ಚಿಲಕದ ಈಚೆ ಕುಳಿತು, "ಏನ್ ಹೇಳ್ತೀರಿ ನಾಳೆ?" ಎಂದು ಕೇಳಿದೆ. ಒಳಗಿನಿಂದ ಮಗಳ ಬೆನ್ನು ತಟ್ಟುವ ಸದ್ದು ಮಾತ್ರ ಬಂತು. ಮಗು, ಕೆಲಸ, ಬೇಕೆಂದದ್ದೆಲ್ಲ ಅವಳ ಕೈಗೇ ಬಂದು ಬೀಳುತ್ತಿತ್ತಲ್ಲ. ನಾನು ಆ ಜಾಗದಲ್ಲಿದ್ದರೆ ಏನು ಹೇಳುತ್ತಿದ್ದೆನೋ ಎಂದು ಯೋಚಿಸಿ ಇನ್ನೂ ಹೆದರಿದೆ.

ಮರುದಿನ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು, ಮಾಲೀಕನ ಜೊತೆ ಬಂದ. ಯಂತ್ರದ ಮುಚ್ಚಳವನ್ನು ಹೊಸ ಪಟ್ಟಿಯಿಂದ ಕಟ್ಟಿದ್ದರು. ಅವನು ಅದನ್ನು ನೋಡಿಯೂ ನೋಡದಂತೆ ಒಬ್ಬೊಬ್ಬಳನ್ನೇ ಕೇಳಿದ. ಹೆಂಗಸರು ತಮ್ಮ ತಮ್ಮ ಕೈಯಲ್ಲಿದ್ದ ಶೀಟು ನೋಡುತ್ತಾ, ಮೇಸ್ತ್ರಿ ಹೇಳಿದಂತೆ ಸ್ವಾಮಿ, ಎಂದರು.

"ನೀನು ಅತ್ತೆ ಅಲ್ವೇನಮ್ಮ? ನೀನೇ ಹೇಳು. ನಿನ್ನ ಸೊಸೆ ಏನ್ ಮಾಡಿದ್ಲು?"

ಅತ್ತೆ ರಾಶಿಯಿಂದ ಒಂದು ಶೀಟು ಎಳೆದು, ಎರಡು ಮೂಲೆ ನನ್ನತ್ತ ಎಸೆದಳು.

"ಹಿಡಿಯೇ."

ಹಿಡಿದೆ. ಝಾಡಿಸಿದೆವು. ಮಡಿಸಿದೆವು. ಎದುರೆದುರು ನಡೆದೆವು. ಬೆರಳಿಗೆ ಬೆರಳು ಕೂಡಿದಾಗ ಅವಳು ನನ್ನ ಎರಡು ಕೈಯನ್ನೂ ಹಿಡಿದುಕೊಂಡು ಅಲ್ಲೇ ನಿಂತಳು.

"ಮುಚ್ಚಳ ಬಿದ್ದಾಗ ನಾವಿದ್ದಿದ್ದು ಹೀಗೆ, ಇಲ್ಲೇ. ಇವಳ ಎರಡು ಕೈಯೂ ನನ್ ಕೈಲಿತ್ತು. ಅಷ್ಟು ದೂರ ಹೋಗಿ ಮುಚ್ಚಳ ಎಳೆಯೋಕೆ ಇವಳಿಗೆ ಮೂರನೇ ಕೈ ಎಲ್ಲಿಂದ ಬರ್ಬೇಕು ಸಾಹೇಬ್ರೆ?"

"ಥೂ, ಹುಚ್ಚೀನ ಸಾಕಿ ಸಾಕಿ ಇದಕ್ಕೂ ಹುಚ್ಚು ಹಿಡ್ದಿದೆ" ಎಂದ ಮೇಸ್ತ್ರಿ.

"ಹೌದು ಕಣೋ ಸೂಳೆಮಗನೆ. ಇವಳಿಗಿಂತ ಮೊದ್ಲೇ ನಂಗೆ ಹಿಡ್ದಿತ್ತು. ಆಗ ಕಟ್ಟಿಹಾಕಿಸ್ಕೊಂಡೆ. ಈಗ ಕಟ್ಟು ನೋಡೋಣ."

ನನಗೂ ಬಾಯಿ ಬಂತು. "ಮಿಷನ್ನು ಸರಿಯಾಗಿದ್ರೆ ಮೇಸ್ತ್ರಿ ಕೈ ಇಡ್ಲಿ ಅದರೊಳಗೆ" ಎಂದೆ. "ನಾನು ಬೀದಿಗೆ ಹೋಗಿ ನಿಂತ್ಕೋತೀನಿ. ಹುಚ್ಚಿ ಇಲ್ದಿದ್ರೆ ಬೀಳಲ್ವಲ್ಲ ಅದು. ಒಂದು ಶೀಟು ಇಸ್ತ್ರಿ ಆಗೋಷ್ಟು ಹೊತ್ತು, ಸಾಕು."

ಅಧಿಕಾರಿ ಮೇಸ್ತ್ರಿಯ ಕೈ ನೋಡಿದ. ಹೆಂಗಸರೂ ನೋಡಿದರು. ಮೇಸ್ತ್ರಿ ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಇಬ್ರೂ ಆಚೆ ನಡೀರಿ" ಎಂದ ಮಾಲೀಕ. "ಇನ್ಮೇಲೆ ಈ ಕಡೆ ತಲೆ ಹಾಕಿದ್ರೆ ನೋಡಿ."

ಅತ್ತೆ ನನ್ನ ಕೈ ಬಿಟ್ಟಳು. ಮಾಲೀಕನ ಮುಖವನ್ನೇ ನೋಡುತ್ತಾ, ಶೀಟು ಹಿಡಿದ ಬೆರಳುಗಳನ್ನು ನಿಧಾನವಾಗಿ ಬಿಡಿಸಿದಳು. ನಾನೂ ಬಿಡಿಸಿದೆ. ನಾಲ್ಕು ಮೂಲೆಯೂ ನೆಲದ ನೀರಿಗೆ ಬಿದ್ದವು. ಅಷ್ಟು ವರ್ಷ ಅಲ್ಲಿ ದುಡಿದ ಅತ್ತೆಯ ಕೈಯಿಂದ ಬಿದ್ದ ಮೊದಲನೆಯ ಶೀಟು ಅದು.

ಈ ಗಲಾಟೆಗೆ ಬುಟ್ಟಿಯಲ್ಲಿ ಮಗಳು ಎಚ್ಚರಗೊಂಡು ಅಳತೊಡಗಿದಳು. ನಾನು ಅಭ್ಯಾಸದಂತೆ ಅತ್ತೆಯನ್ನು ನೋಡಿದೆ. ಅವಳು ಇದ್ದಲ್ಲಿಂದ ಅಲುಗಲಿಲ್ಲ.

"ನನ್ನೇನ್ ನೋಡ್ತೀಯ? ನಿನ್ ಮಗಳು ಅಳ್ತಿರೋದು. ಹೋಗು."

ಹೋದೆ. ಎತ್ತಿಕೊಂಡೆ. ಇಷ್ಟು ಭಾರವಾಗಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಹೆಗಲಿಗೆ ಹಾಕಿಕೊಳ್ಳುವಾಗ ಹಿಂದೆ ಒದ್ದೆ ನೆಲಕ್ಕೆ ಶೀಟು ಬಿದ್ದ ಸದ್ದು ಕೇಳಿತು. ಆಮೇಲೆ ಇನ್ನೊಂದು. ಮೇಸ್ತ್ರಿ ಹೇಳಿದಂತೆ ಸ್ವಾಮಿ ಎಂದವರೇ ಒಬ್ಬೊಬ್ಬರಾಗಿ ಕೈ ಬಿಡುತ್ತಿದ್ದರು.

"ಎತ್ರೇ, ಎತ್ರೇ ಮುಂಡೇವಾ" ಎಂದು ಮೇಸ್ತ್ರಿ ಕಿರುಚಿದ. ಯಾರೂ ಬಗ್ಗಲಿಲ್ಲ. ಅವನು ನಮ್ಮ ಕಡೆ ಬರಬೇಕೆಂದರೆ ಹೋಟೆಲಿನ ಬಿಳಿ ಶೀಟುಗಳನ್ನು ತುಳಿದುಕೊಂಡೇ ಬರಬೇಕಿತ್ತು. ಬೂಟಿನ ಕಾಲೊಂದನ್ನು ಎತ್ತಿದವನು ಎಲ್ಲಿಡುವುದೆಂದು ತಿಳಿಯದೆ ಹಾಗೇ ನಿಂತ.

ನಾನು ಮಗಳ ಬೆನ್ನು ತಟ್ಟುತ್ತಿದ್ದೆ. ಅತ್ತೆ ತಲೆಯ ಮೇಲೆ ಬಂದು ನಿಂತಿರಲಿಲ್ಲ, ನನ್ನ ಕಡೆ ನೋಡುತ್ತಲೂ ಇರಲಿಲ್ಲ.